ಎಂಪಿಐ_ಲುಕಪ್_ನೇಮ್‌ಗೆ ಹೆಸರು ಸಿಗುವುದಿಲ್ಲ, ಪೋರ್ಟ್ ಕೈಯಾರೆ ಕೊಟ್ಟರೆ ಕೆಲಸ ಮಾಡುತ್ತದೆ. ಯಾಕೆ?

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ. ಸಿ ಭಾಷೆಯಲ್ಲಿ ಒಂದು ಸರ್ವರ್, ಒಂದು ಕ್ಲೈಂಟ್ ಬರೆದಿದ್ದೀರಿ. ಎರಡೂ ಎಂಪಿಐ ಬಳಸುತ್ತವೆ, ಅಂದರೆ ಹಲವು ಪ್ರೋಸೆಸ್‌ಗಳು ಪರಸ್ಪರ ಸಂದೇಶ ಕಳಿಸುವುದಕ್ಕೆ ಇರುವ ನಿಯಮ. ಎರಡನ್ನೂ ಬೇರೆ ಬೇರೆ ಟರ್ಮಿನಲ್‌ನಲ್ಲಿ ಎಂಪಿಚ್ ಎಂಬ ಎಂಪಿಐ ಲೈಬ್ರರಿಯ ಎಂಪಿಐಎಕ್ಸೆಕ್ ಆಜ್ಞೆಯಿಂದ ಓಡಿಸುತ್ತೀರಿ. ಸರ್ವರ್ ಪೋರ್ಟ್ (ಕ್ಲೈಂಟ್ ಬಂದು ಸೇರುವ ವಿಳಾಸ) ತೆರೆದು "ಲೆಕ್ಕ" ಎಂಬ ಹೆಸರಲ್ಲಿ ಪ್ರಕಟಿಸುತ್ತದೆ. ಕ್ಲೈಂಟ್ ಎಂಪಿಐ_ಲುಕಪ್_ನೇಮ್‌ನಿಂದ ಆ ಹೆಸರು ಹುಡುಕುವಾಗಲೇ ಸತ್ತುಹೋಗುತ್ತದೆ. ರಿಟರ್ನ್ ಕೋಡ್ ನೋಡಲು ನೀವು ಹಾಕಿದ ಇಫ್‌ವರೆಗೆ ಬರುವುದೇ ಇಲ್ಲ. ಪೋರ್ಟ್ ಸ್ಟ್ರಿಂಗ್ ಕಾಪಿ ಮಾಡಿ ಕೊಟ್ಟರೆ ಮಾತ್ರ ಕನೆಕ್ಟ್ ಆಗುತ್ತದೆ.

ಆ ಕೊನೆಯ ಮಾತು ಬರೆದಿದ್ದು ಒಳ್ಳೆಯದಾಯಿತು. ನಿಮ್ಮ ಆಕ್ಸೆಪ್ಟ್, ಕನೆಕ್ಟ್ ಎರಡೂ ಸರಿ ಇವೆ ಎಂದು ಅದರಿಂದಲೇ ಗೊತ್ತಾಗುತ್ತದೆ. ಇಲ್ಲದಿರುವುದು ಹೆಸರು ಇಟ್ಟುಕೊಳ್ಳುವ ಜಾಗ. ಹೆಸರು ಪ್ರಕಟಿಸುವ, ಹುಡುಕುವ ಕರೆಗಳು 1997ರ ಎಂಪಿಐ-2ರಿಂದಲೂ ಇವೆ. ಆದರೆ ಹೆಸರು ಎಷ್ಟು ದೂರದವರೆಗೆ ಕಾಣಬೇಕು ಎಂಬುದನ್ನು ಆ ನಿಯಮ ಆಯಾ ಲೈಬ್ರರಿಗೇ ಬಿಟ್ಟಿದೆ. ನೀವು ಎರಡು ಸಲ ಎಂಪಿಐಎಕ್ಸೆಕ್ ಕೊಟ್ಟರೆ ಅವು ಎರಡು ಬೇರೆ ಸಂಸಾರ. ಇಬ್ಬರಿಗೂ ಗೊತ್ತಿರುವ ಮೂರನೆಯವರೊಬ್ಬರು ಬೇಕಲ್ವಾ?

ಎಂಪಿಚ್‌ನಲ್ಲಿ ಆ ಮೂರನೆಯವರ ಹೆಸರು ಹೈಡ್ರಾ_ನೇಮ್‌ಸರ್ವರ್. ಮೊದಲು ಅದನ್ನು ಒಂದು ಯಂತ್ರದಲ್ಲಿ ಹಿನ್ನೆಲೆಯಲ್ಲಿ ಓಡಿಸಿ. ಆಮೇಲೆ ಸರ್ವರ್, ಕ್ಲೈಂಟ್ ಎರಡರ ಎಂಪಿಐಎಕ್ಸೆಕ್ ಸಾಲಿನಲ್ಲೂ "-ನೇಮ್‌ಸರ್ವರ್" ಎಂಬ ಆಯ್ಕೆ ಹಾಕಿ, ಮುಂದೆ ಆ ಯಂತ್ರದ ಹೆಸರು ಕೊಡಿ. ಎರಡೂ ಕಡೆ ಎಂಬುದನ್ನು ಒತ್ತಿ ಹೇಳುತ್ತೇನೆ. ಒಂದು ಕಡೆ ಮರೆತರೂ ಈಗಿನ ಗತಿಯೇ. ಓಪನ್ ಎಂಪಿಐ ಎಂಬ ಇನ್ನೊಂದು ಲೈಬ್ರರಿಯ 4ನೇ ಸರಣಿಯಲ್ಲಿ ಇದೇ ಕೆಲಸಕ್ಕೆ ಓಎಂಪಿಐ-ಸರ್ವರ್ ಇದೆ.

ಇನ್ನು ಪ್ರೋಗ್ರಾಂ ಸಾಯುವ ವಿಷಯ. ಎಂಪಿಐನಲ್ಲಿ ನೀವು ಏನೂ ಹೇಳದಿದ್ದರೆ, ಫೈಲ್ ಕರೆಗಳನ್ನು ಬಿಟ್ಟು ಬೇರೆ ಯಾವ ತಪ್ಪಾದರೂ ಓಟವೇ ನಿಲ್ಲುತ್ತದೆ. ಹುಡುಕುವ ಮೊದಲು ಎಂಪಿಐ_ಕಾಮ್_ಸೆಟ್_ಎರ್‌ಹ್ಯಾಂಡ್ಲರ್ ಕರೆದು ಎಂಪಿಐ_ಎರರ್ಸ್_ರಿಟರ್ನ್ ಇಡಬೇಕು, ಆಗ ಓಟ ನಿಲ್ಲದೆ ರಿಟರ್ನ್ ಕೋಡ್ ನಿಮ್ಮ ಕೈಗೆ ಬರುತ್ತದೆ. ಯಾವ ಕಮ್ಯುನಿಕೇಟರ್ (ಪ್ರೋಸೆಸ್‌ಗಳ ಗುಂಪು) ಮೇಲೆ? ಮೊದಲು ಇಂಥ ತಪ್ಪುಗಳು ಎಲ್ಲ ಪ್ರೋಸೆಸ್ ಇರುವ ಎಂಪಿಐ_ಕಾಮ್_ವರ್ಲ್ಡ್‌ಗೆ ಹೋಗುತ್ತಿದ್ದವು. 2021ರ ಎಂಪಿಐ-4ರಿಂದ, ಆಯಾ ಪ್ರೋಸೆಸ್ ಒಂದೇ ಇರುವ ಎಂಪಿಐ_ಕಾಮ್_ಸೆಲ್ಫ್‌ಗೆ ಹೋಗುತ್ತವೆ. ನಾನು ಎರಡರ ಮೇಲೂ ಇಡುತ್ತೇನೆ, ತಲೆನೋವಿಲ್ಲ. ಆಮೇಲೆ ಎಂಪಿಐ_ಎರರ್_ಕ್ಲಾಸ್‌ನಿಂದ ನೋಡಿ: ಎಂಪಿಐ_ಎರ್_ನೇಮ್ ಬಂದರೆ ಹೆಸರು ಇನ್ನೂ ಪ್ರಕಟವಾಗಿಲ್ಲ ಎಂದರ್ಥ. ಈ ಕರೆ ಹೆಸರಿಗಾಗಿ ಕಾದು ಕೂರುತ್ತದೆ ಎಂದು ನಂಬಬೇಡಿ. ಕ್ಲೈಂಟ್ ಮೊದಲು ಎದ್ದರೆ ಅದಕ್ಕೆ ಏನೂ ಸಿಗುವುದಿಲ್ಲ, ಅಷ್ಟೇ. ಒಂದು ಸೆಕೆಂಡ್ ಬಿಟ್ಟು ಮತ್ತೆ ಹುಡುಕುವ ಲೂಪ್ ನೀವೇ ಬರೆಯಬೇಕು. ಲೂಪ್‌ಗೆ ಒಂದು ಮಿತಿಯೂ ಇರಲಿ.

ಪೋರ್ಟ್ ಹೆಸರಿನ ಬಫರ್ ಅನ್ನು ಎಂಪಿಐ_ಮ್ಯಾಕ್ಸ್_ಪೋರ್ಟ್_ನೇಮ್ ಅಳತೆಯಲ್ಲೇ ಇಡಿ, ಅಂದಾಜಿನ ಸಂಖ್ಯೆ ಬೇಡ.

ಈಗ ನಾನೇ ಎರಡು ದಿನ ಕಳೆದುಕೊಂಡ ಜಾಗ. ನನ್ನ ಕ್ಲೈಂಟ್‌ನಲ್ಲಿ 8 ಪ್ರೋಸೆಸ್ ಇದ್ದವು. 0ಯಿಂದ 7ರವರೆಗಿನ ಅವುಗಳ ಸಂಖ್ಯೆಯೇ ರ‍್ಯಾಂಕ್. ಹೆಸರು ಹುಡುಕುವುದು 0ನೇ ರ‍್ಯಾಂಕ್ ಮಾತ್ರ, ಅದು ಸರಿಯೇ. ಎಂಪಿಐ_ಕಾಮ್_ಕನೆಕ್ಟ್‌ನಲ್ಲಿ ಪೋರ್ಟ್ ಹೆಸರು ಬೇಕಾಗುವುದು ರೂಟ್‌ಗೆ (ಇಲ್ಲಿ 0ನೇ ರ‍್ಯಾಂಕ್‌ಗೆ) ಮಾತ್ರ. ಆದರೆ ಕನೆಕ್ಟ್ ಎಲ್ಲರೂ ಸೇರಿ ಕರೆಯಬೇಕಾದದ್ದು. ಒಂದು ದಿನ ಹೆಸರು ಸಿಗಲಿಲ್ಲ. 0ನೇ ರ‍್ಯಾಂಕ್ ಕನೆಕ್ಟ್ ಕರೆಯದೆ ಮುಂದಿನ ದಾರಿ ಹಿಡಿಯಿತು. ಉಳಿದ 7 ಕನೆಕ್ಟ್‌ನೊಳಗೆ ಸುಮ್ನೆ ಕಾಯುತ್ತಾ ಉಳಿದವು. ಪರದೆಯ ಮೇಲೆ ಒಂದು ಸಾಲು ತಪ್ಪೂ ಇಲ್ಲ. ನಾನು ನೆಟ್‌ವರ್ಕ್ ಮೇಲೆ ಅನುಮಾನಪಟ್ಟು ಎಲ್ಲೆಲ್ಲೋ ಹುಡುಕಿದೆ. ಹುಡುಕಾಟದ ಫಲವನ್ನು ಎಂಪಿಐ_ಬಿಕ್ಯಾಸ್ಟ್‌ನಿಂದ ಎಲ್ಲರಿಗೂ ಹೇಳಿ, ಸಿಕ್ಕಿದ್ದರೆ ಮಾತ್ರ ಎಲ್ಲರೂ ಕನೆಕ್ಟ್‌ಗೆ ಹೋಗುವಂತೆ ಮಾಡಿದ ಮೇಲೆ ಸರಿಹೋಯಿತು. ನೀವು ಈಗ ಒಂದೇ ಪ್ರೋಸೆಸ್ ಇಟ್ಟುಕೊಂಡಿದ್ದೀರಿ. ಆದರೂ ಈಗಲೇ ಹಾಗೆ ಬರೆದುಬಿಡಿ.

ನೇಮ್ ಸರ್ವರ್ ಬಂದ ಮೇಲೆ ಇನ್ನೊಂದು ತೊಂದರೆ ಬರಬಹುದು. ಅದು ಬೇರೆಯೇ ಪ್ರೋಸೆಸ್. ನಿಮ್ಮ ಸರ್ವರ್ ನಡುವೆ ಕ್ರ್ಯಾಶ್ ಆದರೆ ಹಳೆಯ ಹೆಸರು ಅಲ್ಲೇ ಉಳಿದಿರಬಹುದು. ಆಗ ಲುಕಪ್ ಗೆಲ್ಲುತ್ತದೆ, ಸತ್ತ ಪೋರ್ಟ್ ಕೈಗೆ ಬರುತ್ತದೆ, ಕನೆಕ್ಟ್ ಮಾತ್ರ ಆಗುವುದಿಲ್ಲ. ಹೀಗಾದಾಗ ನಾನು ಮೊದಲು ನೇಮ್ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ ನೋಡುತ್ತೇನೆ. ಸರ್ವರ್ ನೆಟ್ಟಗೆ ಮುಗಿಯುವಾಗಲೂ ಕ್ರಮ ತಪ್ಪಬಾರದು: ಮೊದಲು ಎಂಪಿಐ_ಅನ್‌ಪಬ್ಲಿಷ್_ನೇಮ್, ಆಮೇಲೆ ಎಂಪಿಐ_ಕ್ಲೋಸ್_ಪೋರ್ಟ್, ಕೊನೆಗೆ ಫೈನಲೈಜ್.

ಮೊದಲು ಕೋಡ್ ಮುಟ್ಟದೆ, ನೇಮ್ ಸರ್ವರ್ ಒಂದನ್ನೇ ಸೇರಿಸಿ ಓಡಿಸಿ ನೋಡಿ. ಆಗಲೂ ಹೆಸರು ಸಿಗದಿದ್ದರೆ ನೀವು ಕೊಟ್ಟ ಎರಡು ಎಂಪಿಐಎಕ್ಸೆಕ್ ಸಾಲುಗಳನ್ನು ಹಾಗೇ ಇಲ್ಲಿ ಹಾಕಿ, ನೋಡುತ್ತೇನೆ.