ಫಂಕ್ಷನ್ ಯಾವ ಎಕ್ಸೆಪ್ಶನ್ ಎಸೆಯಬಹುದು ಎಂದು ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲೇ ಏಕೆ ಘೋಷಿಸಬೇಕು?
ಫಂಕ್ಷನ್ನನ್ನು (ಒಂದು ಕೆಲಸಕ್ಕೆಂದು ಬರೆದ ಕೋಡ್ ತುಣುಕನ್ನು) ಕರೆಯುವವರಿಗೆ ಮುನ್ನೆಚ್ಚರಿಕೆ ಕೊಡಲು, ಅದನ್ನು ಅವರು ಕಡೆಗಣಿಸದಂತೆ ಕಂಪೈಲರ್ (ಬರೆದ ಕೋಡನ್ನು ಓಡಿಸುವ ಮೊದಲೇ ಪರಿಶೀಲಿಸಿ ಅನುವಾದಿಸುವ ತಂತ್ರಾಂಶ) ಕಾವಲು ಕಾಯಲು. ಎಕ್ಸೆಪ್ಶನ್ ಎಂದರೆ ಪ್ರೋಗ್ರಾಂ ಓಡುವಾಗ ಎದುರಾಗುವ ಅಡಚಣೆ.

ವಿಜಯಪುರ ಎಪಿಎಂಸಿಯ ಒಣದ್ರಾಕ್ಷಿ ದರವನ್ನು ಕಡತದಿಂದ ಓದುವ ಫಂಕ್ಷನ್ ಬರೆದಿದ್ದೀರಿ ಎನ್ನಿ. ಕಡತವೇ ಸಿಗದಿರಬಹುದು. ಹಾಗಾಗಿ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ‘ಥ್ರೋಸ್ ಐಒಎಕ್ಸೆಪ್ಶನ್’ (ಓದುವ-ಬರೆಯುವ ಅಡಚಣೆಯನ್ನು ಎಸೆಯಬಹುದು) ಎಂದು ಬರೆಯುತ್ತೀರಿ. ಅದನ್ನು ಕರೆಯುವವರು ಒಂದೋ ಟ್ರೈ-ಕ್ಯಾಚ್ (ಎಸೆದ ದೋಷವನ್ನು ಹಿಡಿಯುವ ಕೋಡ್ ಭಾಗ) ಹಾಕಿ ದೋಷವನ್ನು ನಿಭಾಯಿಸಬೇಕು, ಇಲ್ಲವೇ ತಾವೂ ಹಾಗೆಯೇ ಘೋಷಿಸಿ ಮೇಲಕ್ಕೆ ದಾಟಿಸಬೇಕು. ಎರಡೂ ಇಲ್ಲದಿದ್ದರೆ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. (ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸುವಂಥ ರನ್‌ಟೈಮ್ ಎಕ್ಸೆಪ್ಶನ್‌ಗಳಿಗೆ ಈ ಕಡ್ಡಾಯವಿಲ್ಲ.)

ತೊಡಕು ಇರುವುದೂ ಇಲ್ಲೇ. ತಳದ ಫಂಕ್ಷನ್ನಿಗೆ ಹೊಸ ಎಕ್ಸೆಪ್ಶನ್ ಸೇರಿಸಿದರೆ ಮೇಲಿನ ಸಾಲುಸಾಲು ಫಂಕ್ಷನ್‌ಗಳನ್ನು ತಿದ್ದಬೇಕಾಗಬಹುದು. ಬೇಸತ್ತವರು ಖಾಲಿ ಕ್ಯಾಚ್ ಬರೆದು ದೋಷವನ್ನೇ ನುಂಗಿಬಿಡುತ್ತಾರೆ. ಆಮೇಲೆ ದರದ ಜಾಗದಲ್ಲಿ ಸೊನ್ನೆ ಕಂಡರೂ ಕಾರಣ ಯಾರಿಗೂ ತಿಳಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಮೇಲಕ್ಕೆ ದಾಟಿಸುವುದೇ ಲೇಸು.

ಸಿ-ಶಾರ್ಪ್, ಕೋಟ್ಲಿನ್ ಭಾಷೆಗಳು ಈ ಕಡ್ಡಾಯವನ್ನು ಇಟ್ಟುಕೊಳ್ಳಲೇ ಇಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಎಸೆಯಬಹುದಾದ ಎಕ್ಸೆಪ್ಶನ್ನುಗಳ ಪಟ್ಟಿ ಬರೆಯಬಹುದಿತ್ತು, ಆದರೆ ಅದರ ಪರೀಕ್ಷೆ ನಡೆಯುತ್ತಿದ್ದುದು ಪ್ರೋಗ್ರಾಂ ಓಡುವಾಗ. ಪಟ್ಟಿಯಲ್ಲಿಲ್ಲದ ಎಕ್ಸೆಪ್ಶನ್ ಹೊರಬಿದ್ದರೆ ಸಾಮಾನ್ಯವಾಗಿ ಇಡೀ ಪ್ರೋಗ್ರಾಮೇ ನಿಂತುಹೋಗುತ್ತಿತ್ತು. 2017ರ ಆವೃತ್ತಿಯಲ್ಲಿ ಆ ಪಟ್ಟಿಯನ್ನು ಕೈಬಿಟ್ಟರು. ಏನನ್ನೂ ಎಸೆಯುವುದಿಲ್ಲ ಎಂದು ಸಾರುವ ‘ನೋಎಕ್ಸೆಪ್ಟ್’ ಈಗಲೂ ಬಳಕೆಯಲ್ಲಿದೆ.