ಗೇಟಿನ ಹೊರಗೆ ನಿಂತ ಕಾನೂನು

ಕೊಡಗಿನ ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು, ಹೆಸರು ಹಾಕಬೇಡಿ ಎಂಬ ಷರಾದೊಂದಿಗೆ ಉದ್ದದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಮಡಿಕೇರಿಯ ಧರಣಿಯೊಂದರ ಚಿತ್ರವನ್ನು ದೊಡ್ಡದಾಗಿ ಹಾಕಿದ್ದು ಅವರಿಗೆ ಹಿಡಿಸಿಲ್ಲ. ಪತ್ರದ ಸಾರ ಇಷ್ಟು: "ಚಳವಳಿಯಿಂದ ಸಮಾಜ ಬದಲಾಗುತ್ತದೆ ಎನ್ನುವುದು ಪತ್ರಿಕೆಯವರ ಭ್ರಮೆ. ನಮ್ಮ ಜಿಲ್ಲೆಯನ್ನು ಬದಲಿಸಿದ್ದು ಕಾನೂನು, ಶಾಲೆ ಮತ್ತು ಕಾಫಿ ರೇಟು. 1837ರಲ್ಲಿ ಅಪ್ಪಯ್ಯಗೌಡರು ಬ್ರಿಟಿಷರ ವಿರುದ್ಧ ದಂಗೆ ಎದ್ದು ನೇಣಿಗೇರಿದರು, ಬ್ರಿಟಿಷರು ಮತ್ತೆ ನೂರು ವರ್ಷ ಆಳಿದರು. ಬಂದ್ ಮಾಡಿದರೆ ನನ್ನ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇರುವ ಆರು ಕುಟುಂಬಗಳ ಒಂದು ದಿನದ ಕೂಲಿ ಹೋಗುತ್ತದೆ, ಅಷ್ಟೇ. ಈಗಂತೂ ಏನು ಬೇಕಿದ್ದರೂ ಮೊಬೈಲಿನಲ್ಲೇ ಕೇಳಬಹುದು."

ಮಾನ್ಯರೇ,

ನಿಮ್ಮ ಮಾತಿನಲ್ಲಿ ನಿಜ ಇರುವಷ್ಟನ್ನು ಮೊದಲೇ ಒಪ್ಪಿಬಿಡುತ್ತೇನೆ. ಬಂದ್ ದಿನ ಏಟು ಬೀಳುವುದು ದಿನಗೂಲಿಯವರ ಹೊಟ್ಟೆಗೇ. ಜೀಪಿನಲ್ಲಿ ಜನ ತುಂಬಿಸಿ ತಂದು, ಊಟದ ಪೊಟ್ಟಣ ಹಂಚಿ, ಫೋಟೊ ಹೊಡೆಸಿಕೊಂಡು ಹೋಗುವ ಪ್ರತಿಭಟನೆಗಳನ್ನು ನಾನೂ ನೋಡಿದ್ದೇನೆ. ಶಾಲೆಯ ಬಗ್ಗೆ ಎರಡು ಮಾತಿಲ್ಲ. ಕಾಫಿ ರೇಟಿನ ವಿಚಾರದಲ್ಲಿ ನಿಮಗೆ ಪಾಠ ಹೇಳುವಷ್ಟು ದಡ್ಡ ನಾನಲ್ಲ.

ಆದರೆ ಕಾನೂನು ಬದಲಿಸಿತು ಎನ್ನುತ್ತೀರಲ್ಲ, ಆ ಕಾನೂನು ಎಲ್ಲಿಂದ ಬಂತು? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ತಕರಾರು ಎದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಒಡೆಯರ ಕೊಳಗ ದೊಡ್ಡದು, ಒಕ್ಕಲು ಕೇಳಿದ್ದು ಸರಿಯಾದ ಅಳತೆ. ಕೇಳಿದ್ದಕ್ಕೆ ಗದ್ದೆ ಕೈತಪ್ಪಿತು. ಬಿಟ್ಟುಕೊಡದೆ ಗದ್ದೆಗಿಳಿದರು, ಜೈಲು ತುಂಬಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಮಳೆಗಾಲ ಕಳೆಯುವ ಹೊತ್ತಿಗೆ ಸಾಗರದ ಪೇಟೆಯಲ್ಲಿ ನಿಮ್ಮ ಹಾಗೆ ಕಾಫಿ ಕುಡಿಯುತ್ತ "ಏನಾಯ್ತು, ಸೋತ್ರಲ್ಲ" ಅಂದವರು ಬೇಕಾದಷ್ಟು ಜನ ಇದ್ದಿರಬೇಕು. ಆ ಹೋರಾಟದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಮರುವರ್ಷ ವಿಧಾನಸಭೆಗೆ ಹೋಗಿ ಆ ಮಾತನ್ನು ಅಲ್ಲಿ ಎತ್ತಿದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ತಿದ್ದುಪಡಿ ತಂದಾಗ ಉಳುವ ಭೂಮಿಯ ಒಡೆತನ ಕೇಳುವ ಅರ್ಜಿ, ಫಾರಂ ನಂಬರ್ 7 ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ಸಾಲು ನಿಂತ ಒಕ್ಕಲಿಗೆ, ಕೇಳುವ ಧೈರ್ಯ ಆ ದಿನಗಳಿಂದಲೇ ಹರಿದು ಬಂದದ್ದು.

ಅದೇ ಕಾಯ್ದೆಯ 104ನೆಯ ಕಲಮನ್ನು ಒಮ್ಮೆ ತೆರೆದು ನೋಡಿ. ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳಿಗೆ ಭೂಮಿತಿಯಿಂದ, ಅಂದರೆ ಒಬ್ಬರು ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿಯಿಂದ, ವಿನಾಯಿತಿ. ತೋಟ ತುಂಡಾದರೆ ಬೆಳೆ ಕುಸಿಯುತ್ತದೆ ಎಂಬ ವಾದ ಇತ್ತು, ಅದು ಪೂರ್ತಿ ಪೊಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ತೋಟದ ಆಳುಗಳ ಪರವಾಗಿ ವಿಧಾನಸೌಧದ ಬಾಗಿಲು ತಟ್ಟುವ ಕಾಗೋಡೊಂದು ಕೊಡಗಿನಲ್ಲಿ ಆಗಿರಲಿಲ್ಲ. ಜನ ಎಲ್ಲಿಯವರೆಗೆ ನಡೆದು ಹೋಗಿದ್ದರೋ ಕಾನೂನೂ ಅಲ್ಲಿಯವರೆಗೇ ಬಂತು. ನಮ್ಮ ತೋಟಗಳ ಗೇಟಿನ ಹೊರಗೆ ನಿಂತುಬಿಟ್ಟಿತು.

ಕುಟ್ಟದ ಗಡಿ ದಾಟಿದರೆ ಕೇರಳದ ವಯನಾಡು. ಅಲ್ಲಿ ಮಾನಂದವಾಡಿಯ ಹತ್ತಿರ ವಳ್ಳಿಯೂರುಕಾವು ದೇವಸ್ಥಾನ. ಅದರ ಜಾತ್ರೆಯಲ್ಲಿ ಆದಿವಾಸಿಗಳಾದ ಪಣಿಯರನ್ನೂ ಅಡಿಯರನ್ನೂ, ಅಂದರೆ ನಮ್ಮ ಎರವರ ಬಳಗದವರನ್ನೇ, ದೇವಿಯ ಎದುರು ಒಂದು ವರ್ಷದ ದುಡಿಮೆಗೆ ಗೊತ್ತುಮಾಡುತ್ತಿದ್ದರು. ಕೈಗೆ ಒಂದಿಷ್ಟು ಕಾಸು, ದೇವಿಯ ಸಾಕ್ಷಿ. ಸಾಕ್ಷಿ ಅವಳಾದ ಮೇಲೆ ನಡುವೆ ಬಿಟ್ಟು ಹೋಗುವಂತಿಲ್ಲ. 1950ರಲ್ಲೇ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತ್ತು, ಜಾತ್ರೆಗೆ ಅದರ ಸುದ್ದಿ ಮುಟ್ಟಿರಲಿಲ್ಲ. ಆ ಪದ್ಧತಿ ಕಳಚಿದ್ದು ಕೂಲಿಕಾರರು ಸಂಘ ಕಟ್ಟಿಕೊಂಡು ತಲೆ ಎತ್ತಿ ನಿಂತ ಮೇಲೆ. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಕಾನೂನಿನ ಕತೆಯೂ ಅದೇ. ಪೂಜಾರಿಯ ಕೈ ಹಿಡಿದು ಕೊಡಿಸಲು ಯಾರಾದರೂ ಬೇಕು.

ನೀವು ಓದುವವರು ಎಂದು ಪತ್ರದ ಭಾಷೆಯಿಂದಲೇ ತಿಳಿಯುತ್ತದೆ, ಹಾಗಾಗಿ ಕತೆಗಾರ್ತಿ ಕೊಡಗಿನ ಗೌರಮ್ಮನವರ ವಿಷಯ ನಿಮಗೆ ಗೊತ್ತಿದ್ದೀತು. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕೆಂದು ಗೌರಮ್ಮ ಉಪವಾಸ ಕೂತರು. ಆಗ ಅವರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಗಾಂಧೀಜಿ ಬಂದರು, ಅವರು ಮೈಮೇಲಿನ ಒಡವೆಗಳನ್ನು ನಿಧಿಗೆ ಕೊಟ್ಟರು. ತೋಟದ ಮನೆಯ ಹೆಣ್ಣುಮಗಳೊಬ್ಬಳು ಗಾಂಧಿಗೆ ಗಾಂಧಿಯದ್ದೇ ಅಸ್ತ್ರ ಹಿಡಿದಳಲ್ಲ, ಇದು ಯಾವ ಕಾನೂನಿನಿಂದ ಆಯಿತು? ಯಾವ ರೇಟಿನಿಂದ? ಇತ್ತ ಕೇರಳದ ವೈಕಂನಲ್ಲಿ, ಕೆಳಜಾತಿಯೆಂದು ದೂರ ಇಟ್ಟವರಿಗೆ ದೇವಸ್ಥಾನದ ಸುತ್ತಲ ಬೀದಿಯಲ್ಲಿ ನಡೆಯುವ ಹಕ್ಕಿಗೆ 1924ರಿಂದ 603 ದಿನ ಸತ್ಯಾಗ್ರಹ ನಡೆಯಿತು. ಕೊನೆಗೆ ಸಿಕ್ಕಿದ್ದು ಅರೆಬರೆ ರಾಜಿ. ತಿರುವಾಂಕೂರಿನ ಮಹಾರಾಜರು ದೇವಸ್ಥಾನ ಪ್ರವೇಶದ ಘೋಷಣೆ ಹೊರಡಿಸಿದ್ದು 1936ರಲ್ಲಿ, ಹೊಗಳಿಕೆ ಹೋದದ್ದು ಮಹಾರಾಜರಿಗೆ.

ದಿಡ್ಡಳ್ಳಿಯ ಹೆಸರನ್ನು ನಿಮ್ಮ ಪತ್ರ ಎತ್ತುವುದೇ ಇಲ್ಲ. ನಿಮ್ಮ ತೋಟದಿಂದ ಎಷ್ಟು ದೂರ? ಕಾಡಿನಲ್ಲಿ ಬಾಳುವವರಿಗೆ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2006ರ ಡಿಸೆಂಬರಿನಲ್ಲಿ. ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ್ದು 2016ರ ಡಿಸೆಂಬರಿನಲ್ಲಿ. ಹೊಸ ಒತ್ತುವರಿ ಎಂದಿತು ಅರಣ್ಯ ಇಲಾಖೆ. ಅದು ಅರಣ್ಯವೋ ಪೈಸಾರಿಯೋ, ಅಂದರೆ ಕಂದಾಯದ ಸರ್ಕಾರಿ ಜಾಗವೋ, ಎಂಬ ಜಗಳ ಬೇರೆ. ಚಳಿಯಲ್ಲಿ ಮರದಡಿ, ಪ್ಲಾಸ್ಟಿಕ್ ಹಾಳೆಯಡಿ ಐನೂರಕ್ಕೂ ಹೆಚ್ಚು ಕುಟುಂಬ ಕೂತವು, ಏಳಲಿಲ್ಲ. ತೊಂಬತ್ತೆಂಟರ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ಅವರ ಜೊತೆ ಬಂದು ನಿಂತರು. ಮರುವರ್ಷ ಬಸವನಹಳ್ಳಿಯಲ್ಲಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ಕೇಳಿದ ಮಣ್ಣು ಸಿಗಲಿಲ್ಲ, ಕಾಡಿನಿಂದ ದೂರದ ಸಾಲು ಮನೆ ಸಿಕ್ಕಿತು. ಪೂರ್ತಿ ಗೆಲುವು ಎಂದು ನಾನು ಬರೆಯುವುದಿಲ್ಲ. ಆದರೆ ಅವರಲ್ಲಿ ಬಹಳ ಜನ ಬಂದದ್ದು ಲೈನ್ ಮನೆಗಳಿಂದ, ಅಲ್ಲಿ ತಲೆಮಾರುಗಟ್ಟಲೆ ಇದ್ದೂ ವಿಳಾಸ ಇಲ್ಲದವರು. ಆ ಜನ ಅಷ್ಟು ಕಾಲ ಇದ್ದಾರೆಂಬುದೇ ಬೆಂಗಳೂರಿಗೆ ತಿಳಿದದ್ದು ಆ ಚಳಿಗಾಲದಲ್ಲಿ.

ವಿಳಾಸದ ಮಾತು ಬಂತು, ಹೇಳಿಬಿಡುತ್ತೇನೆ. ಹೋದ ಮಳೆಗಾಲದಲ್ಲಿ ಲೈನ್ ಮನೆಯ ಹೆಂಗಸೊಬ್ಬಳು ನಮ್ಮ ಕಚೇರಿಗೆ ಬಂದಿದ್ದಳು. ಜವಳಿ ಅಂಗಡಿಯ ಹಳದಿ ಕವರಿನಲ್ಲಿ ಕಾಗದಗಳು, ಕವರಿನ ಬಾಯಿಗೆ ರಬ್ಬರ್ ಬ್ಯಾಂಡು. ಮೇಲಿನದು ಸರ್ಕಾರಿ ಕಚೇರಿಯ ಹಿಂಬರಹ: ತೋಟದ ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸದ ಕಾರಣ ಅರ್ಜಿಯನ್ನು ವಿಲೇಗೊಳಿಸಲಾಗಿದೆ. ಅದನ್ನು ಓದಿ ಹೇಳಿ ಎಂದಳು, ಹೇಳಿದೆ. ಕೆಳಗೆ ಅಂಥದ್ದೇ ಇನ್ನೂ ಎರಡಿದ್ದವು. ಸಾಹುಕಾರರನ್ನು ಕೇಳಿದೆಯಾ ಅಂದರೆ, "ತೋಟದ ಲೆಕ್ಕ ಬರೆಯೋ ರೈಟರು ಬೇಡ ಅಂದ್ರು, ಬರೆದು ಕೊಟ್ರೆ ನಾಳೆ ಜಾಗ ನಂದೇ ಅಂತೀರಿ ಅಂದ್ರು" ಎಂದಳು. ಕಾನೂನು, ಶಾಲೆ, ರೇಟು ಮೂರೂ ಇರುವ ಜಿಲ್ಲೆ ಇದು.

ಮೊಬೈಲಿನ ವಿಷಯ. 2019ರ ಜೂನಿನಲ್ಲಿ ಜಿಲ್ಲೆಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಕೊಡಗಿನ ಹುಡುಗರು ಟ್ವಿಟ್ಟರಿನಲ್ಲಿ ಎಬ್ಬಿಸಿದ ಗದ್ದಲ ನಿಮಗೆ ನೆನಪಿದೆ. ಒಳ್ಳೆಯ ಕೆಲಸವೇ, ಸಿನಿಮಾದವರೂ ದನಿಗೂಡಿಸಿದರು, ಮುಖ್ಯಮಂತ್ರಿಯ ಉತ್ತರವೂ ಬಂತು. ಇವತ್ತಿಗೂ ಜೀವ ಹಿಡಿದುಕೊಂಡವರನ್ನು ಆಂಬುಲೆನ್ಸು ಮೈಸೂರಿಗೋ ಮಂಗಳೂರಿಗೋ ಒಯ್ಯುತ್ತದೆ. ಮೊಬೈಲಿನಲ್ಲಿ ಕೇಳಿದ್ದಕ್ಕೆ ಮೊಬೈಲಿನಲ್ಲೇ ಉತ್ತರ ಸಿಕ್ಕಿತು.

ಇನ್ನು ನಮ್ಮ ಕಸುಬಿನವರ ಮೇಲೂ ನನಗೆ ಸಿಟ್ಟಿದೆ. ಧರಣಿಯ ಸುದ್ದಿ ಈಗ ಬರುವುದು ವಾಹನ ಸಂಚಾರಕ್ಕೆ ಅಡಚಣೆ ಎಂಬ ತಲೆಬರಹದಲ್ಲಿ. ಕೂತವರು ಏನು ಕೇಳಿದರು ಎಂಬುದು ಕೊನೆಯ ಸಾಲಿಗೆ ಸೇರುತ್ತದೆ, ಜಾಹೀರಾತು ಬಂದರೆ ಆ ಸಾಲೂ ಹಾರಿಹೋಗುತ್ತದೆ. ಹೋಂಸ್ಟೇ ಉದ್ಘಾಟನೆಗೆ ಅರ್ಧ ಪುಟ. ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದರು, ಈಗ ಅವರ ಪ್ರತಿಮೆಗೆ ಹಾರ ಹಾಕಲು ನೂಕುನುಗ್ಗಲು. ಹಾರ ಹಾಕಿ ಇಳಿದು ಬರುವ ದಾರಿಯಲ್ಲೇ ಧರಣಿ ಕೂತವರಿಗೆ ಬೈದು ಹೋಗುವವರನ್ನು ಕಂಡಿದ್ದೇನೆ. ನೀವು ಅವರಲ್ಲಿ ಒಬ್ಬರಲ್ಲ ಎಂದು ನಂಬಿದ್ದೇನೆ, ನಾಲ್ಕು ಸಾಲು ಗೀಚಿ ಸುಮ್ಮನಾಗದೆ ಇಷ್ಟು ಉದ್ದ ವಾದ ಮಾಡಿದ್ದೀರಲ್ಲ.

ಆ ಆರು ಕುಟುಂಬಗಳ ಒಂದು ದಿನದ ಕೂಲಿಯ ಚಿಂತೆ ನಿಮಗಿದೆ, ಸಂತೋಷ. ಅವರು ನಿಮ್ಮ ಲೈನಿನಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಅವರಿಗೆ ವಾಸದ ದೃಢೀಕರಣ ಬರೆದು ಕೊಟ್ಟಿದ್ದೀರಾ, ಇಲ್ಲವಾದರೆ ಯಾಕೆ? ಮುಂದಿನ ಪತ್ರದಲ್ಲಿ ತಿಳಿಸಿ. ಹೆಸರು ಹಾಕುವುದಿಲ್ಲ. ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.

– ಸಂ.