ಫೋರ್ಡ್ ಎಫ್-150 ಪಿಕಪ್‌ಗೆ ಕೋಲ್ಡ್ ಏರ್ ಇಂಟೇಕ್ ನಾವೇ ಹಾಕಿಕೊಳ್ಳಬಹುದೇ? ಲಾಭವಿದೆಯೇ?

ಹಾಕಬಹುದು. ಎಂಜಿನ್ನಿಗೆ ತಂಪು ಗಾಳಿ ಎಳೆದುಕೊಡುವ ಫಿಲ್ಟರ್ ಮತ್ತು ಪೈಪಿನ ಕಿಟ್ ಇದು. ಸಾಕೆಟ್ ಸೆಟ್, ಸ್ಕ್ರೂಡ್ರೈವರ್ ಇದ್ದರೆ ಒಂದೆರಡು ಗಂಟೆಯ ಕೆಲಸ. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಹಳೆಯ ಫಿಲ್ಟರ್ ಬಾಕ್ಸ್ ಮತ್ತು ಪೈಪ್ ತೆಗೆಯಿರಿ. ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಹೋಗುವ ಗಾಳಿಯ ಕವಾಟ) ಬಾಯಿಗೆ ಕೂಡಲೇ ಶುಭ್ರವಾದ ಬಟ್ಟೆ ಮುಚ್ಚಿ. ಒಂದು ಸಣ್ಣ ಸ್ಕ್ರೂ ಒಳಗೆ ಬಿದ್ದರೂ ಎಂಜಿನ್ನಿಗೆ ಅಪಾಯ.

ನಿಮ್ಮದು 5.0 ಲೀಟರ್ ವಿ8 ಎಂಜಿನ್ ಆದರೆ, ಹೆಚ್ಚು ಜೋಪಾನ ಬೇಕಿರುವುದು ಎಂಎಎಫ್ ಸೆನ್ಸರ್‌ಗೆ. ಒಳಗೆ ಬರುವ ಗಾಳಿಯನ್ನು ಅದು ಅಳೆಯುತ್ತದೆ, ಆ ಲೆಕ್ಕದ ಮೇಲೆಯೇ ಎಂಜಿನ್ನಿಗೆ ಪೆಟ್ರೋಲ್ ಹೋಗುತ್ತದೆ. ಹೊಸ ಪೈಪಿಗೆ ಕೂರಿಸುವಾಗ ಅದರ ನವಿರಾದ ತಂತಿಗೆ ಬೆರಳು ತಾಗಿಸಬೇಡಿ, ದಿಕ್ಕು ಮೊದಲಿನಂತೆಯೇ ಇರಲಿ. ಎಣ್ಣೆ ಹಚ್ಚುವ ಫಿಲ್ಟರಿನಲ್ಲಿ ಎಣ್ಣೆ ಅತಿಯಾದರೆ ಈ ತಂತಿಗೆ ಮೆತ್ತಿಕೊಳ್ಳುತ್ತದೆ. ನಾನಾದರೆ ಒಣ ಫಿಲ್ಟರನ್ನೇ ಆರಿಸುತ್ತೇನೆ. ಕ್ಲಾಂಪ್ ಸಡಿಲವಾಗಿದ್ದರೆ ಸೆನ್ಸರ್ ಅಳೆಯದ ಗಾಳಿ ನುಗ್ಗಿ, ಚೆಕ್ ಎಂಜಿನ್ ದೀಪದ ಜೊತೆ ಪಿ0171, ಪಿ0174 ಕೋಡ್ (ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂಬ ಸೂಚನೆ) ಬರಬಹುದು.

ಲಾಭದ ಮಾತು: ಕಂಪನಿಯ ಪೈಪೂ ಹೊರಗಿನ ತಂಪು ಗಾಳಿಯನ್ನೇ ಎಳೆಯುತ್ತದೆ. ಆದ್ದರಿಂದ ಎಂಜಿನ್ ಕಂಪ್ಯೂಟರನ್ನು ಟ್ಯೂನ್ ಮಾಡಿಸದಿದ್ದರೆ ಹೆಚ್ಚುವ ಶಕ್ತಿ ಅಲ್ಪ, ಸದ್ದು ಮಾತ್ರ ಗಟ್ಟಿಯಾಗುತ್ತದೆ. ಹೀಟ್ ಶೀಲ್ಡ್ (ಎಂಜಿನ್ನಿನ ಬಿಸಿ ತಡೆಯುವ ತಟ್ಟೆ) ಇಲ್ಲದ ಅಗ್ಗದ ಕಿಟ್ ಬಿಸಿ ಗಾಳಿಯನ್ನೇ ನುಂಗುತ್ತದೆ, ಅದು ಬೇಡವೇ ಬೇಡ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿನ ವಾಯುಮಾಲಿನ್ಯ ತಡೆಯುವ ಕಾರ್ಬ್ ಮಂಡಳಿಯ ಇಒ (ಅನುಮೋದನೆ ಆದೇಶ) ಸಂಖ್ಯೆ ಇರುವ ಕಿಟ್ಟನ್ನೇ ಕೊಳ್ಳಿ, ಇಲ್ಲವಾದರೆ ಸ್ಮಾಗ್ (ಹೊಗೆ) ತಪಾಸಣೆಯಲ್ಲಿ ಗಾಡಿ ಫೇಲಾಗುತ್ತದೆ.